ರಕ್ತ ಹೇಳುವ ಲೆಕ್ಕ

ಕುಡಿತ ಅತಿಯಾಗಿದೆ ಎಂಬುದನ್ನು ಲಿವರ್ ಕೈಕೊಡುವ ಮೊದಲೇ ತಿಳಿಸಬಲ್ಲ ಪ್ರೋಟೀನುಗಳಿಗಾಗಿ ಅರ್ಧ ಶತಮಾನದಿಂದ ಹುಡುಕಾಟ ನಡೆದಿದೆ. ಅದು ಎಲ್ಲಿಗೆ ಬಂದು ನಿಂತಿದೆ? ನಮ್ಮ ಊರಿನ ಆಸ್ಪತ್ರೆಗೆ ಅದರಿಂದ ಏನು ಉಪಯೋಗ?

1970ರ ದಶಕದಲ್ಲಿ ಸ್ಟಾಕ್‌ಹೋಮಿನ ನರರೋಗ ತಜ್ಞೆ ಹೆಲೆನಾ ಸ್ಟಿಬ್ಲರ್ ಕೈ ನಡುಗುವ ರೋಗಿಗಳ ಬೆನ್ನುಹುರಿ ದ್ರವವನ್ನು ಪರೀಕ್ಷಿಸುತ್ತಿದ್ದರು. ನಡುಕಕ್ಕೆ ಒಬ್ಬೊಬ್ಬರಲ್ಲಿ ಒಂದೊಂದು ಕಾರಣ; ಕೆಲವರಲ್ಲಿ ಅದು ಕುಡಿತದಿಂದ ಬಂದದ್ದು. ದ್ರವದಲ್ಲಿರುವ ಪ್ರೋಟೀನುಗಳನ್ನು ಜೆಲ್ ಮೇಲಿಟ್ಟು ವಿದ್ಯುತ್ ಹಾಯಿಸಿದರೆ ಅವು ತಮ್ಮ ವಿದ್ಯುದಾವೇಶಕ್ಕೆ ತಕ್ಕ ಜಾಗದಲ್ಲಿ ಗೆರೆಗಳಾಗಿ ನಿಲ್ಲುತ್ತವೆ. ಕುಡಿತದ ಹಿನ್ನೆಲೆ ಇದ್ದವರಲ್ಲಿ ಒಂದು ಗೆರೆ ಎಂದಿನ ಜಾಗದಿಂದ ಸ್ವಲ್ಪ ಸರಿದು ಕಾಣಿಸಿತು. ಸ್ಟಿಬ್ಲರ್ ಮತ್ತು ಅವರ ಸಹೋದ್ಯೋಗಿ ಶೆಲ್ಲಿನ್ ಈ ಕೆಲಸವನ್ನು 1976ರಲ್ಲಿ ಪ್ರಕಟಿಸಿದರು. 1978ರಲ್ಲಿ ಅದೇ ಬದಲಾವಣೆಯನ್ನು ರಕ್ತದಲ್ಲೂ ತೋರಿಸಿಕೊಟ್ಟರು. ಸರಿದು ನಿಂತಿದ್ದ ಆ ಪ್ರೋಟೀನು ಟ್ರಾನ್ಸ್‌ಫೆರಿನ್. ದೇಹದ ತುಂಬ ಕಬ್ಬಿಣಾಂಶವನ್ನು ಸಾಗಿಸುವ, ಎಲ್ಲರ ರಕ್ತದಲ್ಲೂ ಇರುವ ಸಾಮಾನ್ಯ ಪ್ರೋಟೀನು.

ಕುಡಿತವನ್ನು ರಕ್ತದಲ್ಲಿ ಗುರುತಿಸುವ ವಿಜ್ಞಾನಕ್ಕೆ ಆ ಗೆರೆ ಹೊಸ ದಾರಿ ತೆರೆಯಿತು. ಆ ದಾರಿಯಲ್ಲಿ ನಡೆದವರು ಕಲಿತ ಪಾಠ ಕರ್ನಾಟಕದ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಲುಪಬೇಕು ಎಂಬುದು ಈ ಲೇಖನದ ಆಸೆ.

ಯಾರಿಗೂ ಕಾಣದ ವರ್ಷಗಳು

ಕುಡಿತದಿಂದ ಲಿವರ್ ಹಾಳಾಗಲು ಸಾಮಾನ್ಯವಾಗಿ ಹತ್ತಾರು ವರ್ಷ ಹಿಡಿಯುತ್ತದೆ. ಮೊದಲು ಕೊಬ್ಬು ತುಂಬುತ್ತದೆ, ಆಮೇಲೆ ಉರಿಯೂತ, ಅದರ ಮೇಲೆ ಗಾಯದ ಕಲೆಯಂತಹ ನಾರು ಕಟ್ಟುತ್ತಾ ಹೋಗಿ ಕೊನೆಗೆ ಸಿರೋಸಿಸ್. ಈ ದಾರಿಯ ಬಹುಪಾಲು ನೋವಿಲ್ಲದೆ ಸಾಗುತ್ತದೆ. ಮನುಷ್ಯ ಕೆಲಸಕ್ಕೆ ಹೋಗುತ್ತಿರುತ್ತಾನೆ, ಮದುವೆ ಮುಂಜಿಗಳಲ್ಲಿ ಓಡಾಡುತ್ತಿರುತ್ತಾನೆ. ಕಣ್ಣು ಹಳದಿಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ವಾಂತಿಯಾಗಿ ಆಸ್ಪತ್ರೆಗೆ ಬರುವ ಹೊತ್ತಿಗೆ ಕೈಮೀರಿರುತ್ತದೆ. ಮೊದಲ ಹಂತದ ಕೊಬ್ಬಾದರೋ ಕುಡಿತ ಬಿಟ್ಟರೆ ಕೆಲವೇ ವಾರಗಳಲ್ಲಿ ಕರಗಬಲ್ಲದು. ತಿದ್ದಿಕೊಳ್ಳಲು ಸಾಧ್ಯವಿರುವ ಆ ವರ್ಷಗಳಲ್ಲೇ ವಿಷಯ ತಿಳಿಯಬೇಕು.

ಪೊಲೀಸರು ಊದಿಸುವ ಯಂತ್ರ ಇದಕ್ಕೆ ಒದಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಅಪರಾಧ. ಆ ಯಂತ್ರ ಅಳೆಯುವುದು ಆ ಹೊತ್ತಿನ ಅಮಲನ್ನು. ಲಿವರ್ ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲನ್ನು ಕರಗಿಸುತ್ತದೆ. ರಾತ್ರಿ ಒಂಬತ್ತಕ್ಕೆ ಕ್ವಾರ್ಟರ್ ಮುಗಿಸಿದವನ ಉಸಿರಿನಲ್ಲಿ ಮರುದಿನ ಬೆಳಗ್ಗೆ ಹತ್ತಕ್ಕೆ ಏನೂ ಉಳಿದಿರುವುದಿಲ್ಲ. ಹತ್ತು ವರ್ಷ ದಿನವೂ ಹಾಗೇ ಕುಡಿದಿದ್ದರೂ ಯಂತ್ರ ಸೊನ್ನೆಯನ್ನೇ ತೋರಿಸುತ್ತದೆ.

ಕೇಳಿ ತಿಳಿಯುವ ದಾರಿಯೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ‘ಆಡಿಟ್’ ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನು ಜಗತ್ತಿನಾದ್ಯಂತ ಬಳಸುತ್ತಾರೆ. ಅಂಕ 8 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಎಚ್ಚರಿಕೆ. ಸರಳ, ಅಗ್ಗ, ಒಳ್ಳೆಯ ಸಾಧನ. ಆದರೆ ಅದಕ್ಕೆ ನಿಜವಾದ ಉತ್ತರ ಬೇಕು. ಪಕ್ಕದಲ್ಲಿ ಹೆಂಡತಿ ಕೂತಿದ್ದಾಗ, ಹೊರಗೆ ಊರಿನವರೇ ಸಾಲಿನಲ್ಲಿ ನಿಂತಿದ್ದಾಗ ‘ದಿನಾ ಕುಡೀತೀರಾ?’ ಎಂದರೆ ‘ಇಲ್ಲ ಸಾರ್, ಯಾವಾಗ್ಲೋ ಒಂದ್ಸಲ, ಮೈಕೈ ನೋವಿಗೆ’ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಅದರ ಹಿಂದಿರುವುದು ನಾಚಿಕೆ, ಭಯ, ಕೆಲಸ ಹೋದೀತೆಂಬ ಆತಂಕ. ಹೆಂಗಸರಲ್ಲಿ ಈ ನಾಚಿಕೆ ಇನ್ನೂ ಹೆಚ್ಚು. ಅವರನ್ನು ಆ ಪ್ರಶ್ನೆ ಕೇಳುವವರೇ ಕಡಿಮೆ.

ಕಳೆದ ಗಂಟೆಗಳ ಲೆಕ್ಕವನ್ನು ಉಸಿರು ಹೇಳುತ್ತದೆ. ಕಳೆದ ವಾರಗಳ ಲೆಕ್ಕವನ್ನು ಹೇಳುವ ಏನಾದರೂ ದೇಹದಲ್ಲಿದೆಯೇ? ಸ್ಟಿಬ್ಲರ್ ಕಂಡ ಗೆರೆ ಈ ಪ್ರಶ್ನೆಗೆ ಉತ್ತರವಾಯಿತು.

ಕುಚ್ಚು ಕಳೆದುಕೊಂಡ ಟ್ರಾನ್ಸ್‌ಫೆರಿನ್

ಟ್ರಾನ್ಸ್‌ಫೆರಿನ್ ಎಂಬ ಹೆಸರನ್ನು 1947ರಲ್ಲಿ ಇಟ್ಟವರು ಸ್ವೀಡನ್ನಿನವರೇ ಆದ ಹೋಮ್‌ಬರ್ಗ್ ಮತ್ತು ಲೌರೆಲ್. ಲಿವರ್ ಕೋಶಗಳಲ್ಲಿ ತಯಾರಾಗುವ ಈ ಪ್ರೋಟೀನು ರಕ್ತಕ್ಕೆ ಇಳಿಯುವ ಮೊದಲು ಅದಕ್ಕೆ ಎರಡು ಜಾಗದಲ್ಲಿ ಸಕ್ಕರೆ ಅಣುಗಳ ಸರಪಳಿಗಳು ಸೇರಿಕೊಳ್ಳುತ್ತವೆ, ಸೀರೆಯ ಸೆರಗಿಗೆ ಕುಚ್ಚು ಕಟ್ಟಿದ ಹಾಗೆ. ಸಾಮಾನ್ಯವಾಗಿ ಪ್ರತಿ ಸರಪಳಿಯ ತುದಿಯಲ್ಲಿ ಸಯಾಲಿಕ್ ಆಮ್ಲದ ಎರಡು ಅಣುಗಳು, ಒಟ್ಟು ನಾಲ್ಕು. ಆರೋಗ್ಯವಂತರ ಟ್ರಾನ್ಸ್‌ಫೆರಿನ್‌ನಲ್ಲಿ ಸುಮಾರು ಶೇ. 80ರಷ್ಟು ಈ ನಾಲ್ಕರ ಬಗೆಯದೇ.

ದಿನವೂ ಹೆಚ್ಚು ಕುಡಿಯುವವರ ಲಿವರ್‌ನಲ್ಲಿ ಈ ಕುಚ್ಚು ಕಟ್ಟುವ ಕೆಲಸ ಹದಗೆಡುತ್ತದೆ. ಆಲ್ಕೋಹಾಲ್ ಮತ್ತು ಅದು ಒಡೆದು ಬರುವ ಅಸಿಟಾಲ್ಡಿಹೈಡ್, ಸಕ್ಕರೆ ಜೋಡಿಸುವ ಕಿಣ್ವಗಳಿಗೆ ಅಡ್ಡಿ ಮಾಡುತ್ತವೆ ಎಂಬುದು ವಿಜ್ಞಾನಿಗಳು ಕೊಡುವ ವಿವರಣೆ. ಒಂದು ಸರಪಳಿ ಪೂರ್ತಿ ಇಲ್ಲದ, ಕೆಲವೊಮ್ಮೆ ಎರಡೂ ಇಲ್ಲದ ಟ್ರಾನ್ಸ್‌ಫೆರಿನ್ ರಕ್ತಕ್ಕೆ ಬರತೊಡಗುತ್ತದೆ. ಸಯಾಲಿಕ್ ಆಮ್ಲಕ್ಕೆ ಋಣ ವಿದ್ಯುದಾವೇಶ ಇರುವುದರಿಂದ ಅದು ಕಡಿಮೆಯಾದಾಗ ಪ್ರೋಟೀನಿನ ಒಟ್ಟು ಆವೇಶವೇ ಬದಲಾಗುತ್ತದೆ. ಜೆಲ್ ಮೇಲೆ ಗೆರೆ ಸರಿದದ್ದು ಇದರಿಂದ. ಈ ಅರೆಬರೆ ಟ್ರಾನ್ಸ್‌ಫೆರಿನ್‌ಗೆ ‘ಕಾರ್ಬೋಹೈಡ್ರೇಟ್ ಡಿಫಿಶಿಯೆಂಟ್ ಟ್ರಾನ್ಸ್‌ಫೆರಿನ್’ ಎಂದು ಹೆಸರು. ಲ್ಯಾಬ್‌ನವರ ಬಾಯಲ್ಲಿ ಸಿಡಿಟಿ.

ದಿನಕ್ಕೆ 50ರಿಂದ 80 ಗ್ರಾಂ ಆಲ್ಕೋಹಾಲನ್ನು ಕನಿಷ್ಠ ಒಂದು ವಾರ ಬಿಡದೆ ಕುಡಿದರೆ ಸಿಡಿಟಿ ಏರತೊಡಗುತ್ತದೆ ಎಂದು ಸ್ಟಿಬ್ಲರ್ 1991ರ ತಮ್ಮ ಸಮೀಕ್ಷಾ ಲೇಖನದಲ್ಲಿ ವಿವರಿಸಿದರು. ಕುಡಿತ ನಿಲ್ಲಿಸಿದರೆ ಸುಮಾರು ಎರಡು ವಾರಕ್ಕೆ ಹೆಚ್ಚಳದ ಅರ್ಧ ಇಳಿಯುತ್ತದೆ. ಮತ್ತೆ ಶುರುಮಾಡಿದರೆ ಮತ್ತೆ ಏರುತ್ತದೆ. ಕಳೆದ ಕೆಲವು ವಾರಗಳ ನಡವಳಿಕೆ ಒಂದು ಸಂಖ್ಯೆಯಾಗಿ ಕಾಣಿಸಿಕೊಳ್ಳುವುದು ಹೀಗೆ. 2001ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು.

ಇದೇ ಪ್ರೋಟೀನಿಗೆ ಇನ್ನೊಂದು ಕತೆಯೂ ಇದೆ. 1980ರಲ್ಲಿ ಬೆಲ್ಜಿಯಂನ ಮಕ್ಕಳ ವೈದ್ಯ ಯಾಕ್ ಯಾಕೆನ್ ಅವಳಿ ಸಹೋದರಿಯರಲ್ಲಿ ವಿಚಿತ್ರವಾದ ಬೆಳವಣಿಗೆಯ ತೊಂದರೆಯನ್ನು ವರದಿ ಮಾಡಿದರು. ಹುಟ್ಟಿನಿಂದಲೇ ಸಕ್ಕರೆ ಸರಪಳಿ ಜೋಡಿಸಲಾಗದ ಆನುವಂಶಿಕ ರೋಗ ಅದು. ಅವರ ಟ್ರಾನ್ಸ್‌ಫೆರಿನ್ ಕೂಡ ಸರಪಳಿಗಳ ಕೊರತೆಯದ್ದೇ ಎಂದು ತಿಳಿದಾಗ, ಕುಡಿತ ಪತ್ತೆಗೆ ಹುಟ್ಟಿದ ವಿಧಾನವೇ ಈ ಎಳೆಯ ಮಕ್ಕಳ ರೋಗಪತ್ತೆಗೂ ಒದಗಿತು. ವೈದ್ಯರಿಗೆ ಇದರಲ್ಲಿ ಎಚ್ಚರಿಕೆಯೂ ಇದೆ: ಸಿಡಿಟಿ ಹೆಚ್ಚಿದ್ದವರೆಲ್ಲ ಕುಡುಕರಲ್ಲ.

ಹಳೆಯ ಸೂಚಕಗಳು, ನಮ್ಮ ನೆಲದ ತೊಡಕುಗಳು

ಸಿಡಿಟಿಗೆ ಮೊದಲೇ ವೈದ್ಯರ ಕೈಯಲ್ಲಿ ಕೆಲವು ಸೂಚಕಗಳಿದ್ದವು. ನಮ್ಮ ತಾಲ್ಲೂಕು ಕೇಂದ್ರದ ಲ್ಯಾಬ್‌ನಲ್ಲೂ ಮಾಡುವ ಎಲ್‌ಎಫ್‌ಟಿ (ಲಿವರ್ ಪರೀಕ್ಷೆ) ಮತ್ತು ರಕ್ತಕಣಗಳ ಎಣಿಕೆಯ ರಿಪೋರ್ಟುಗಳಲ್ಲಿ ಅವು ಸಿಗುತ್ತವೆ. ಮೊದಲನೆಯದು ಜಿಜಿಟಿ. ಲಿವರ್ ಕೋಶಗಳ ಪೊರೆಯಲ್ಲಿರುವ ಈ ಕಿಣ್ವವೂ ಪ್ರೋಟೀನೇ. ಕುಡಿಯುವವರ ರಕ್ತದಲ್ಲಿ ಇದು ಏರುವುದನ್ನು ರೊಸಾಲ್ಕಿ ಮತ್ತು ರಾವ್ 1972ರಲ್ಲಿ ವರದಿ ಮಾಡಿದರು. ಇನ್ನೆರಡು ಎಸ್‌ಜಿಒಟಿ ಮತ್ತು ಎಸ್‌ಜಿಪಿಟಿ. ಕುಡಿತದ ಲಿವರ್ ರೋಗದಲ್ಲಿ ಮೊದಲನೆಯದು ಎರಡನೆಯದರ ದುಪ್ಪಟ್ಟಾಗುವುದುಂಟು. ನಾಲ್ಕನೆಯದು ಕೆಂಪು ರಕ್ತಕಣದ ಗಾತ್ರ ಹೇಳುವ ಎಂಸಿವಿ. ಕಣಗಳ ಆಯುಸ್ಸು ಸುಮಾರು 120 ದಿನವಾದ್ದರಿಂದ ಇದು ತಿಂಗಳುಗಳ ಲೆಕ್ಕ ಹೇಳುತ್ತದೆ.

ಇವೆಲ್ಲಕ್ಕೂ ಬೇರೆ ಕಾರಣಗಳೂ ಇರುವುದೇ ತೊಡಕು. ಸ್ಥೂಲಕಾಯ, ಸಕ್ಕರೆ ಕಾಯಿಲೆ, ಪಿತ್ತನಾಳದ ಅಡಚಣೆ ಇವು ಜಿಜಿಟಿಯನ್ನು ಏರಿಸುತ್ತವೆ. ಮೂರ್ಛೆರೋಗಕ್ಕೆ ಕೊಡುವ ಫಿನಿಟಾಯಿನ್, ಫಿನೋಬಾರ್ಬಿಟೋನ್ ಮಾತ್ರೆಗಳೂ ಏರಿಸುತ್ತವೆ. ಟಿಬಿ ಔಷಧ ನುಂಗುತ್ತಿರುವವರಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಹೆಚ್ಚಬಹುದು. ಬಿ12 ಕೊರತೆಯಿರುವ ಸಸ್ಯಾಹಾರಿಯ ಎಂಸಿವಿ ಒಂದು ಹನಿ ಮದ್ಯ ಮುಟ್ಟದೆಯೂ ಮೇಲೇರುತ್ತದೆ. ಈ ತೊಂದರೆಗಳೆಲ್ಲ ನಮ್ಮಲ್ಲಿ ಸಾಮಾನ್ಯ. ಒಂದು ಸಂಖ್ಯೆ ನೋಡಿ ‘ಕುಡೀತೀಯ’ ಎಂದುಬಿಟ್ಟರೆ ನಿರಪರಾಧಿಗೆ ಅವಮಾನ.

ಸಿಡಿಟಿಯ ಬಲ ಇಲ್ಲಿದೆ. ಬಹುಪಾಲು ಔಷಧಗಳು, ಸಾಮಾನ್ಯ ಕಾಯಿಲೆಗಳು ಅದನ್ನು ಅಲುಗಿಸುವುದಿಲ್ಲ. ಹಾಗೆಂದು ಅದೂ ಪೂರ್ಣವಲ್ಲ. ತೀರಾ ಮುಂದುವರಿದ ಲಿವರ್ ರೋಗ, ಟ್ರಾನ್ಸ್‌ಫೆರಿನ್‌ನ ಹುಟ್ಟು ವ್ಯತ್ಯಾಸಗಳು ದಾರಿ ತಪ್ಪಿಸಬಹುದು. ಮೊದಲು ಬಂದ ಕೆಲವು ಕಿಟ್‌ಗಳು ಸಿಡಿಟಿಯ ಒಟ್ಟು ಪ್ರಮಾಣವನ್ನಷ್ಟೇ ಅಳೆಯುತ್ತಿದ್ದವು. ಕಬ್ಬಿಣಾಂಶ ಕಡಿಮೆಯಾದಾಗ ದೇಹ ಹೆಚ್ಚು ಟ್ರಾನ್ಸ್‌ಫೆರಿನ್ ತಯಾರಿಸುವುದರಿಂದ ಆ ಲೆಕ್ಕ ತಪ್ಪುತ್ತಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ 15ರಿಂದ 49 ವಯಸ್ಸಿನ ಶೇ. 57ರಷ್ಟು ಮಹಿಳೆಯರಿಗೆ ರಕ್ತಹೀನತೆ ಇರುವ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. ಈಗ ಒಟ್ಟು ಟ್ರಾನ್ಸ್‌ಫೆರಿನ್‌ನಲ್ಲಿ ಸಿಡಿಟಿ ಶೇಕಡಾ ಎಷ್ಟು ಎಂದು ನೋಡುವುದೇ ಸರಿಯಾದ ಕ್ರಮ. ಇನ್ನೊಂದು ಮಿತಿ: ಅತಿಯಾಗಿ ಕುಡಿಯುವ ಎಲ್ಲರಲ್ಲೂ ಸಿಡಿಟಿ ಏರುವುದಿಲ್ಲ, ಹೆಂಗಸರಲ್ಲಿ ತಪ್ಪಿಹೋಗುವ ಸಾಧ್ಯತೆ ಇನ್ನೂ ಹೆಚ್ಚು. ಈ ಕೊರತೆ ತುಂಬಲು ಫಿನ್ಲೆಂಡಿನ ಸಿಲ್ಲನಾವ್‌ಕೆ ಮತ್ತು ಸಂಗಡಿಗರು ಜಿಜಿಟಿ, ಸಿಡಿಟಿ ಎರಡನ್ನೂ ಒಂದೇ ಗಣಿತಸೂತ್ರದಲ್ಲಿ ಸೇರಿಸಿದರು. ಎರಡೂ ಸೇರಿದಾಗ ಒಂಟಿ ಪರೀಕ್ಷೆಗಿಂತ ಹೆಚ್ಚು ಮಂದಿ ಗುರುತಿಗೆ ಸಿಗುತ್ತಾರೆ.

ಪ್ರೋಟೀನು ಅಲ್ಲದ ಸೂಚಕವೊಂದನ್ನೂ ಇಲ್ಲಿ ಹೆಸರಿಸಬೇಕು. ಆಲ್ಕೋಹಾಲ್ ಇದ್ದಾಗ ಮಾತ್ರ ಕೋಶಪೊರೆಗಳಲ್ಲಿ ಹುಟ್ಟುವ ಫಾಸ್ಫಾಟಿಡಿಲ್ ಎಥನಾಲ್ ಎಂಬ ಕೊಬ್ಬಿನ ಅಣು ರಕ್ತದಲ್ಲಿ ಎರಡರಿಂದ ನಾಲ್ಕು ವಾರ ಉಳಿಯಬಲ್ಲದು. ಸಿಡಿಟಿಗೆ ಸಿಗದ ಕಡಿಮೆ ಪ್ರಮಾಣದ ಕುಡಿತವನ್ನೂ ಇದು ತೋರಿಸುವುದರಿಂದ ಯುರೋಪಿನ ಹಲವೆಡೆ ಇದರ ಬಳಕೆ ಬೆಳೆದಿದೆ.

ಬಾಕ್ಸ್: ಗ್ಲಾಸಿನಲ್ಲಿ ಎಷ್ಟು ಗ್ರಾಂ?

ಭಾರತದ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಸಾಮಾನ್ಯವಾಗಿ ಶೇ. 42.8 ಆಲ್ಕೋಹಾಲ್. ಅದರ ಲೆಕ್ಕ ಹೀಗೆ:

• 30 ಮಿ.ಲೀ. ಪೆಗ್: ಸುಮಾರು 10 ಗ್ರಾಂ
• ನೈಂಟಿ (90 ಮಿ.ಲೀ.): ಸುಮಾರು 30 ಗ್ರಾಂ
• ಕ್ವಾರ್ಟರ್ (180 ಮಿ.ಲೀ.): ಸುಮಾರು 60 ಗ್ರಾಂ
• 650 ಮಿ.ಲೀ. ಬಿಯರ್ (ಶೇ. 5): ಸುಮಾರು 25 ಗ್ರಾಂ
• 650 ಮಿ.ಲೀ. ಸ್ಟ್ರಾಂಗ್ ಬಿಯರ್ (ಶೇ. 8): ಸುಮಾರು 40 ಗ್ರಾಂ

ದಿನಕ್ಕೊಂದು ಕ್ವಾರ್ಟರ್ ಎಂದರೆ ಸಿಡಿಟಿಯನ್ನು ಏರಿಸಬಲ್ಲ ಪ್ರಮಾಣ. ‘ನಂದು ಒಂದೇ ಕ್ವಾರ್ಟರ್, ಜಾಸ್ತಿ ಇಲ್ಲ’ ಎನ್ನುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಮಾಲ್ಮೊ ಕಲಿಸಿದ ಪಾಠ

ಗುರುತು ಸಿಕ್ಕಿತು, ಮುಂದೇನು? ಇದಕ್ಕೆ ಉತ್ತರ ಕೊಟ್ಟ ಅಧ್ಯಯನವೊಂದು ದಕ್ಷಿಣ ಸ್ವೀಡನ್ನಿನ ಮಾಲ್ಮೊ ನಗರದಲ್ಲಿ ನಡೆಯಿತು. ನಡುವಯಸ್ಸಿನ ಗಂಡಸರನ್ನು ಆರೋಗ್ಯ ತಪಾಸಣೆಗೆ ಕರೆದು ರಕ್ತ ಪರೀಕ್ಷಿಸಿದರು. ಜಿಜಿಟಿ ಅತಿ ಹೆಚ್ಚಿದ್ದವರನ್ನು ಆರಿಸಿ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕುಡಿತ ಕಡಿಮೆ ಮಾಡಿ ಎಂಬ ಪತ್ರ ಹೋಯಿತು. ಇನ್ನೊಂದು ಗುಂಪಿನವರನ್ನು ಮತ್ತೆ ಮತ್ತೆ ಕರೆಸಿ ಜಿಜಿಟಿ ಅಳೆದು, ಅದನ್ನು ಅವರಿಗೇ ತೋರಿಸಿ, ವೈದ್ಯರು, ನರ್ಸ್‌ಗಳು ಕೂತು ಮಾತಾಡಿದರು. ಬಿಟ್ಟೇಬಿಡಿ ಎಂಬ ಒತ್ತಾಯವಿರಲಿಲ್ಲ. ಸಂಖ್ಯೆಯನ್ನು ಇಳಿಸೋಣ ಎಂಬುದೇ ಗುರಿ.

ಹಾನ್ಸ್ ಕ್ರಿಸ್ಟೆನ್ಸನ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಜಿಜಿಟಿ ಎರಡೂ ಗುಂಪುಗಳಲ್ಲಿ ಇಳಿದಿತ್ತು. ಆದರೆ ಕರೆಸಿ ಮಾತಾಡಿಸಿದವರಲ್ಲಿ ಕಾಯಿಲೆಯ ರಜೆ, ಆಸ್ಪತ್ರೆಯಲ್ಲಿ ಕಳೆದ ದಿನಗಳು, ಸಾವು ಎಲ್ಲವೂ ಪತ್ರ ಪಡೆದವರಿಗಿಂತ ಕಡಿಮೆಯಿದ್ದವು. ಸಾವಿನ ಸಂಖ್ಯೆ ಸುಮಾರು ಅರ್ಧ.

ಬಳಸಿದ ಪರೀಕ್ಷೆ ಎರಡೂ ಗುಂಪಿಗೆ ಒಂದೇ, ಸೂಚಕವೂ ಒಂದೇ. ವ್ಯತ್ಯಾಸವಿದ್ದದ್ದು ಆ ಸಂಖ್ಯೆಯನ್ನು ಮುಂದಿಟ್ಟುಕೊಂಡು ನಡೆದ ಮಾತುಕತೆಯಲ್ಲಿ. ಈ ವಿಷಯದಲ್ಲಿ ನನ್ನ ನಂಬಿಕೆ ನಿಂತಿರುವುದು ಇದರ ಮೇಲೆ. ರಕ್ತದ ಗುರುತು ಬೇಕಾಗಿರುವುದು ಯಾರನ್ನೂ ಸಿಕ್ಕಿಸಲು ಅಲ್ಲ. ‘ನೀವು ಏನೇ ಹೇಳಿ, ನಿಮ್ಮ ದೇಹಕ್ಕೆ ಇದು ಭಾರವಾಗುತ್ತಿದೆ, ಬನ್ನಿ ನೋಡೋಣ’ ಎಂದು ಗೌರವದಿಂದ ಮಾತು ಶುರುಮಾಡಲು.

ಒಂದು ಪ್ರೋಟೀನಿನಿಂದ ನೂರಾರಿಗೆ

ಕಳೆದ ಎರಡು ದಶಕಗಳಲ್ಲಿ ಹುಡುಕಾಟ ಹೊಸ ತಿರುವು ಪಡೆದಿದೆ. ಮಾಸ್ ಸ್ಪೆಕ್ಟ್ರೋಮೀಟರ್‌ನಂತಹ ಯಂತ್ರಗಳು ಒಂದು ಹನಿ ರಕ್ತದಲ್ಲಿ ನೂರಾರು ಪ್ರೋಟೀನುಗಳನ್ನು ಒಟ್ಟಿಗೆ ಎಣಿಸುತ್ತವೆ. ಒಂದೇ ಪ್ರೋಟೀನಿನ ಏರಿಳಿತಕ್ಕೆ ಬೇರೆ ಬೇರೆ ಕಾರಣಗಳಿರಬಹುದು. ಹಲವು ಪ್ರೋಟೀನುಗಳು ಒಂದೇ ಮಾದರಿಯಲ್ಲಿ ಏರಿಳಿದರೆ ಆ ಮಾದರಿ ಕುಡಿತಕ್ಕೆ ಮಾತ್ರ ಸೇರಿದ್ದಾಗಿರಬಹುದು ಎಂಬುದು ಇದರ ಹಿಂದಿನ ಯೋಚನೆ.

ಇಂತಹ ಹುಡುಕಾಟಕ್ಕೆ ಇರುವ ಮೊದಲ ಅಡ್ಡಿ, ಜನ ನಿಜವಾಗಿ ಎಷ್ಟು ಕುಡಿದರು ಎಂಬುದು ಸಂಶೋಧಕರಿಗೂ ತಿಳಿಯದೇ ಇರುವುದು. ಅಮೆರಿಕದ ಪೆನ್ ಸ್ಟೇಟ್ ವೈದ್ಯಕೀಯ ಕಾಲೇಜಿನ ವಿಲ್ಲರ್ಡ್ ಫ್ರೀಮನ್, ಕೆಂಟ್ ವ್ರಾನಾ ಮತ್ತು ಕೋತಿಗಳ ಮೇಲೆ ಆಲ್ಕೋಹಾಲ್ ಅಧ್ಯಯನ ಮಾಡುತ್ತಿದ್ದ ಕ್ಯಾಥ್ಲೀನ್ ಗ್ರಾಂಟ್ ಇದಕ್ಕೊಂದು ದಾರಿ ಕಂಡರು. ತಮಗೆ ಬೇಕಾದಷ್ಟು ಮದ್ಯವನ್ನು ತಾವೇ ಕುಡಿಯುವ ಕೋತಿಗಳಲ್ಲಿ ಪ್ರತಿಯೊಂದೂ ಎಷ್ಟು ಕುಡಿಯಿತು ಎಂಬುದನ್ನು ಅಳೆದು, ಕುಡಿಯುವ ಮೊದಲಿನ ಮತ್ತು ನಂತರದ ರಕ್ತವನ್ನು ಹೋಲಿಸಿದರು. 2010ರಲ್ಲಿ ಅವರು ವರದಿ ಮಾಡಿದಂತೆ, 17 ಪ್ರೋಟೀನುಗಳ ಏರಿಳಿತವನ್ನು ಒಟ್ಟಿಗೆ ನೋಡಿದರೆ ಕುಡಿತವನ್ನು ಸುಮಾರು ಶೇ. 90ರಷ್ಟು ಸರಿಯಾಗಿ ಗುರುತಿಸಬಹುದಿತ್ತು.

2022ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಇನ್ನೊಂದು ಹೆಜ್ಜೆ. ಡೆನ್ಮಾರ್ಕಿನ ಲಿವರ್ ತಜ್ಞ ಅಲೆಕ್ಸಾಂಡರ್ ಕ್ರಾಗ್ ಮತ್ತು ಪ್ರೋಟೀನ್ ವಿಜ್ಞಾನಿ ಮಥಿಯಾಸ್ ಮಾನ್ ಅವರ ತಂಡಗಳು ಕುಡಿತದಿಂದ ಲಿವರ್ ತೊಂದರೆಗೊಳಗಾದ 459 ಜನರನ್ನು ಮತ್ತು 137 ಆರೋಗ್ಯವಂತರನ್ನು ಪರೀಕ್ಷಿಸಿದವು. ಲಿವರ್‌ನಲ್ಲಿ ನಾರು ಎಷ್ಟು ಕಟ್ಟಿದೆ, ಉರಿಯೂತ ಎಷ್ಟಿದೆ ಎಂಬುದನ್ನು ಸೂಜಿ ಚುಚ್ಚಿ ತುಣುಕು ತೆಗೆಯದೆ ರಕ್ತದ ಪ್ರೋಟೀನುಗಳ ಗುಂಪಿನಿಂದಲೇ ಅಂದಾಜು ಮಾಡಬಹುದೆಂದು ತೋರಿಸಿದವು. ಇದು ಕುಡಿದ ಪ್ರಮಾಣವನ್ನು ಹೇಳುವ ಪರೀಕ್ಷೆಯಲ್ಲ, ಕುಡಿತ ಮಾಡಿದ ಹಾನಿಯನ್ನು ಹೇಳುವ ಪರೀಕ್ಷೆ. ಎರಡನ್ನೂ ಜೊತೆಗಿಟ್ಟು ನೋಡುವ ದಿನ ಬಂದರೆ, ಯಾರಿಗೆ ಸಲಹೆ ಸಾಕು, ಯಾರನ್ನು ತಕ್ಷಣ ದೊಡ್ಡಾಸ್ಪತ್ರೆಗೆ ಕಳಿಸಬೇಕು ಎಂಬುದು ಸ್ಪಷ್ಟವಾಗುತ್ತದೆ.

ಫಲಿತಾಂಶ ಯಾರ ಕೈಗೆ?

ಏಮ್ಸ್ ನೇತೃತ್ವದಲ್ಲಿ ನಡೆದು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅದರಲ್ಲಿ 5.7 ಕೋಟಿ ಜನರ ಕುಡಿತ ನೆರವು ಬೇಕಾಗುವ ಮಟ್ಟದ್ದು. ಮದ್ಯ ವ್ಯಸನಿಗಳಲ್ಲಿ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದ್ದು 38 ಜನರಲ್ಲಿ ಒಬ್ಬರಿಗೆ. ಕರ್ನಾಟಕ 2007ರ ಜುಲೈನಲ್ಲಿ ಸಾರಾಯಿ ನಿಲ್ಲಿಸಿತು. ಕುಡಿತ ನಿಲ್ಲಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರ, ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ದುಡಿಯುತ್ತಿವೆ. ಆದರೆ ಅಲ್ಲಿಗೆ ತಲುಪುವವರಲ್ಲಿ ಅನೇಕರು ಮನೆ, ಹೊಲ, ಮಾನ ಎಲ್ಲ ಕಳೆದುಕೊಂಡ ಮೇಲೆ ಬರುತ್ತಾರೆ.

ಹತ್ತು ವರ್ಷ ಮೊದಲೇ ಅವರನ್ನು ತಲುಪಲು ನಮ್ಮಲ್ಲಿ ಒಂದು ಬಾಗಿಲು ಆಗಲೇ ತೆರೆದಿದೆ. 30 ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ಬಿಪಿ, ಶುಗರ್ ತಪಾಸಣೆಗೆ ಮುನ್ನ ತುಂಬುವ ಅರ್ಜಿಯಲ್ಲಿ ದಿನವೂ ಮದ್ಯ ಸೇವಿಸುತ್ತೀರಾ ಎಂಬ ಪ್ರಶ್ನೆ ಇದೆ. ಉತ್ತರ ಹೌದು, ಇಲ್ಲ ಎಂಬುದರಲ್ಲಿ ಮುಗಿಯುತ್ತದೆ. ಅದರ ಜಾಗದಲ್ಲಿ ಖಾಸಗಿಯಾಗಿ ಕೇಳುವ ನಾಲ್ಕು ಪ್ರಶ್ನೆಗಳು, ಸಂದೇಹ ಬಂದರೆ ಒಪ್ಪಿಗೆ ಪಡೆದು ಜಿಜಿಟಿ, ಜಿಲ್ಲಾ ಆಸ್ಪತ್ರೆಯಲ್ಲಿ ಸಿಡಿಟಿ. ಇದು ನಮ್ಮ ವ್ಯವಸ್ಥೆಗೆ ನಿಲುಕದ ಮಾತಲ್ಲ.

ಒಪ್ಪಿಗೆ ಎಂಬ ಮಾತನ್ನು ಒತ್ತಿ ಹೇಳಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ತೊಂದರೆಗಳನ್ನು ಕಾಯಿಲೆಯೆಂದೇ ಪರಿಗಣಿಸುತ್ತದೆ, ರೋಗಿಯ ಗುಟ್ಟು ಕಾಪಾಡುವ ಹಕ್ಕನ್ನೂ ಕೊಡುತ್ತದೆ. ಈ ಸಂಖ್ಯೆ ಮಾಲೀಕನ ಮೇಜಿಗೋ ವಿಮಾ ಕಂಪನಿಗೋ ಸೋರಿದರೆ ಜನ ರಕ್ತ ಕೊಡಲೂ ಹೆದರುತ್ತಾರೆ. ಉಪಕಾರಕ್ಕೆ ಬಂದ ಪರೀಕ್ಷೆ ಅಪಕಾರವಾಗುತ್ತದೆ. ಕುಡಿತ ಅತಿಯಾಗಿರಬಹುದು ಎಂಬ ಸುಳಿವನ್ನು ಸೂಚಕವು ಕೊಡಬಲ್ಲದು. ಆ ಮನುಷ್ಯ ಏಕೆ ಕುಡಿಯುತ್ತಿದ್ದಾನೆ, ವ್ಯಸನಿಯೋ ಅಲ್ಲವೋ, ಯಾವ ದುಃಖ ಹೊತ್ತಿದ್ದಾನೆ ಎಂಬುದನ್ನು ಯಾವ ಪ್ರೋಟೀನೂ ಹೇಳದು. ಅದಕ್ಕೆ ಎದುರು ಕೂತು ಕೇಳುವವರೇ ಬೇಕು.

ರಿಪೋರ್ಟ್ ನೋಡಿ ಗಾಬರಿಯಾದವರಿಗೆ ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ತಾವಾಗಿಯೇ ಒಂದೇ ದಿನಕ್ಕೆ ನಿಲ್ಲಿಸಬಾರದು. ಮೈ ನಡುಕ, ಫಿಟ್ಸ್, ಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ಕಣ್ಗಾವಲಿನಲ್ಲಿ, ಥಯಮಿನ್ ವಿಟಮಿನ್ ಮತ್ತು ಸೂಕ್ತ ಔಷಧಗಳೊಂದಿಗೆ ಬಿಟ್ಟರೆ ಸುರಕ್ಷಿತ. ಸಲಹೆಗೆ ಟೆಲಿ ಮಾನಸ್‌ನ 14416, ವ್ಯಸನಮುಕ್ತಿ ಸಹಾಯವಾಣಿಯ 14446 ಇವೆ.

ಬಿಪಿ ನೋಡಲು ಕೈ ಚಾಚುವಾಗ ಯಾರಿಗೂ ಅವಮಾನವಾಗುವುದಿಲ್ಲ. ಶುಗರ್ ಹೆಚ್ಚಿದೆ ಎಂದರೆ ಯಾರೂ ತಲೆ ತಗ್ಗಿಸುವುದಿಲ್ಲ. ಕುಡಿತದ ಲೆಕ್ಕವೂ ಅಷ್ಟೇ ಸಹಜವಾಗಿ ವೈದ್ಯರ ಕೋಣೆಗೆ ಬರಬೇಕು. ಅದಕ್ಕೆ ಬೇಕಾದ ಪ್ರೋಟೀನುಗಳನ್ನು ವಿಜ್ಞಾನ ಹುಡುಕಿ ಕೊಟ್ಟಿದೆ, ಇನ್ನಷ್ಟನ್ನು ಹುಡುಕುತ್ತಿದೆ. ರಿಪೋರ್ಟು ಕೈಗಿಟ್ಟ ಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಕಾಲು ಗಂಟೆ ಮಾತಾಡುವ ವೈದ್ಯರನ್ನು, ನರ್ಸ್‌ಗಳನ್ನು, ಆಪ್ತ ಸಮಾಲೋಚಕರನ್ನು ಒದಗಿಸುವುದು ಸರ್ಕಾರದ ಮತ್ತು ನಮ್ಮೆಲ್ಲರ ಹೊಣೆ. ಮಾಲ್ಮೊದಲ್ಲಿ ಜೀವ ಉಳಿಸಿದ್ದು ಆ ಮಾತುಕತೆ. ಮಂಡ್ಯದಲ್ಲೂ, ರಾಯಚೂರಿನಲ್ಲೂ ಅದು ಉಳಿಸಬಲ್ಲದು.